ರೈಡ್ ಕಟ್ಟುವವರಿಗೆ ಹಗಲು ಕೊಡಿ

ಮಾನ್ಯ ಸಂಪಾದಕರೇ,

ಊರೂರು ಸುತ್ತುವ ಮೇಳದಲ್ಲಿ ಜಾಯಿಂಟ್ ವೀಲಿನಂಥ ಆಟದ ರೈಡ್ ಕೆಟ್ಟು ಜನರಿಗೆ ಪೆಟ್ಟಾದಾಗ ಪತ್ರಿಕೆಯಲ್ಲಿ ಬರುವ ಸುದ್ದಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಪಿನ್ ಕಳಚಿತು, ಕಂಬಿ ಮುರಿಯಿತು, ಆಪರೇಟರನ್ನು ವಶಕ್ಕೆ ಪಡೆದರು. ಪಿನ್ ಕಳಚಿದ್ದು ಸಂಜೆ ಎಂಟು ಗಂಟೆಗೆ ಇರಬಹುದು. ಅದಕ್ಕೆ ಕಾರಣವಾದ ತಪ್ಪು ಎಷ್ಟೋ ಸಲ ಮೇಳ ಶುರುವಾಗುವ ಮೊದಲೇ, ನಡುರಾತ್ರಿಯಲ್ಲಿ, ಮೊಬೈಲ್ ಟಾರ್ಚಿನ ಬೆಳಕಲ್ಲಿ ಆಗಿರುತ್ತದೆ. ರೈಡ್ ಕಟ್ಟಿ, ನಡೆಸಿ, ಬಿಚ್ಚುವ ಕೆಲಸ ಮಾಡುವವರ ಪರವಾಗಿ ಈ ಪತ್ರ ಬರೆಯುತ್ತಿದ್ದೇವೆ. ಮೈದಾನ ಕೊಡುವವರು, ಪರವಾನಗಿ ಕೊಡುವವರು, ಮೇಳ ಏರ್ಪಡಿಸುವವರು ಮೂವರೂ ಈ ಕೆಲಸಕ್ಕೆ ಸಾಕಷ್ಟು ಹಗಲಿನ ಹೊತ್ತು ಕೊಡಬೇಕು ಎಂಬುದೇ ನಮ್ಮ ಕೇಳಿಕೆ. ಯಾಕೆ ಎಂಬುದನ್ನು ಕೆಲಸದ ವಿವರ ಕೊಟ್ಟೇ ಹೇಳಬೇಕು.

ಮೊದಲು ನೆಲ. ರೈಡಿನ ಭಾರವೆಲ್ಲ ಕೆಲವೇ ಜಾಕ್‌ಗಳ ಮೇಲೆ ಕೂರುತ್ತದೆ. ಒಂದು ಜಾಕಿನ ಮೇಲೆ 5 ಟನ್ ಬೀಳುತ್ತದೆ ಎಂದಿಟ್ಟುಕೊಳ್ಳಿ. ಅದರ ಪಾದ 20 ಸೆಂಟಿಮೀಟರ್ ಚದರದ್ದಾದರೆ ನೆಲದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 12.5 ಕೆಜಿ ಒತ್ತಡ. ಮೆತ್ತಗಿನ ಮಣ್ಣು ಇದನ್ನು ತಡೆಯುವುದಿಲ್ಲ. ಅದೇ ಜಾಕಿನ ಕೆಳಗೆ ಒಂದು ಮೀಟರ್ ಚದರಕ್ಕೆ ಗಟ್ಟಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಸಿದರೆ ಒತ್ತಡ ಅರ್ಧ ಕೆಜಿಗೆ ಇಳಿಯುತ್ತದೆ. ದಿಮ್ಮಿಯ ಅಟ್ಟಿ ಅಗಲಕ್ಕಿಂತ ಎತ್ತರವಾಗಬಾರದು, ಹಾಗಾದರೆ ಮಗ್ಗುಲಿಗೆ ವಾಲುತ್ತದೆ. ಇಟ್ಟಿಗೆ, ಹಾಲೋಬ್ಲಾಕ್, ಚಪ್ಪಡಿ ಕಲ್ಲನ್ನು ಜಾಕಿನ ಕೆಳಗೆ ಇಡಲೇಬಾರದು. ಮರ ಸೋಲುವ ಮುಂಚೆ ನರಳುತ್ತದೆ, ನಜ್ಜಾಗುತ್ತದೆ, ಅಂದರೆ ನಮಗೆ ಸುಳಿವು ಕೊಡುತ್ತದೆ. ಇಟ್ಟಿಗೆ ಸುಳಿವು ಕೊಡದೆ ಒಮ್ಮೆಗೇ ಸಿಡಿಯುತ್ತದೆ.

ನೆಲದಲ್ಲಿ ಕಣ್ಣಿಗೆ ಕಾಣದ್ದೇ ಹೆಚ್ಚು ತೊಂದರೆ ಕೊಡುವುದು. ಈಚೆಗೆ ಮುಚ್ಚಿದ ಪೈಪಿನ ಗುಂಡಿ, ಹಳೆಯ ತೊಟ್ಟಿಯ ಮುಚ್ಚಳ, ಮಣ್ಣು ತುಂಬಿ ಹುಲ್ಲು ಬೆಳೆದ ಚರಂಡಿ. ಹಗಲಲ್ಲಿ ನಡೆದು ನೋಡಿದರೆ ಹುಲ್ಲಿನ ಬಣ್ಣದ ವ್ಯತ್ಯಾಸ, ಮಣ್ಣು ಕುಸಿದ ಗೆರೆ ಗೊತ್ತಾಗುತ್ತದೆ. ರಾತ್ರಿ ಲಾರಿಯ ಹೆಡ್‌ಲೈಟಿನಲ್ಲಿ ಅದೆಲ್ಲ ಒಂದೇ ಬಣ್ಣ. ತಲೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಯೂ ಹಾಗೆಯೇ. ಕಂಬ ಎತ್ತುವಾಗ, ಕ್ರೇನಿನ ತೋಳು ತಿರುಗಿಸುವಾಗ ಕತ್ತಲಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಟ್ಟ ನೋಡುವುದು ಒಂದು ಸಲದ ಕೆಲಸವಲ್ಲ. ಅಡಿಪಾಯದ ಚೌಕಟ್ಟಿಗೆ ಸ್ಪಿರಿಟ್ ಲೆವೆಲ್ ಇಟ್ಟು ಒಮ್ಮೆ, ಪೂರ್ತಿ ಕಟ್ಟಿದ ಮೇಲೆ ಒಮ್ಮೆ, ಖಾಲಿ ಸುತ್ತು ಓಡಿಸಿದ ಮೇಲೆ ಇನ್ನೊಮ್ಮೆ, ಆಮೇಲೆ ದಿನಾ ಬೆಳಿಗ್ಗೆ, ಮಳೆ ಬಂದರೆ ಮತ್ತೆ ನೋಡಬೇಕು. ಹೊಸ ನೆಲದಲ್ಲಿ ಮೊದಲ ದಿನದ ಜನ ಹತ್ತಿಳಿದ ಮೇಲೆ ಜಾಕ್ ಒಂದಿಷ್ಟು ಇಳಿಯುವುದು ಮಾಮೂಲು. ಹಾಗೆ ಇಳಿದದ್ದನ್ನು ಮರುದಿನ ಬೆಳಿಗ್ಗೆ ತಿರುಗಿಸಿ ಸರಿಮಾಡದೆ ಬಿಟ್ಟರೆ ತಿರುಗುವ ರೈಡು ವಾಲಿಕೊಂಡೇ ಓಡುತ್ತದೆ. ಅದರ ಮೇಲೆ ಜನ ಒಂದೇ ಕಡೆ ಕೂತರೆ ಮೋಟಾರು ಪ್ರತಿ ಸುತ್ತಿಗೂ ಏರು ಹತ್ತಿ ಇಳಿಯಬೇಕಾಗುತ್ತದೆ. ರೈಡ್ ನಡೆಸುವ ಪ್ಯಾನೆಲಿನಲ್ಲಿ ಕರೆಂಟ್ ಅಳೆಯುವ ಆಮ್ಮೀಟರ್ ಮುಳ್ಳು ಸುತ್ತಿಗೊಮ್ಮೆ ಏರಿಳಿಯುವುದು ಇದಕ್ಕೇ. ನಡುವಿನ ದೊಡ್ಡ ಬೇರಿಂಗಿನ ಒಂದು ಬದಿಯ ಬೋಲ್ಟುಗಳೇ ಎಲ್ಲ ಎಳೆತ ಹೊರುತ್ತವೆ. ವರ್ಷ ಕಳೆದ ಮೇಲೆ ಮುರಿಯುವ ಬೋಲ್ಟು ಆ ಬದಿಯದೇ.

ಇನ್ನು ಕಟ್ಟುವ ಕೆಲಸ. ಜಾಯಿಂಟ್ ವೀಲ್ ಆದರೆ ಮೊದಲು ಎರಡು ಬದಿಯ ಗೋಪುರ, ಅವುಗಳ ಎಳೆಗಂಬಿ, ಆಮೇಲೆ ಅಚ್ಚು, ಆಮೇಲೆ ಅಚ್ಚಿನಿಂದ ಚಕ್ರದ ಅಂಚಿಗೆ ಹೋಗುವ ಅರೆಕಾಲುಗಳು. ಅರೆಕಾಲುಗಳನ್ನು ಎದುರುಬದುರಾಗಿ ಜೋಡಿಜೋಡಿಯಾಗಿ ಹಾಕಬೇಕು, ಇಲ್ಲವಾದರೆ ಚಕ್ರ ತಾನೇ ತಿರುಗಿ ಮೇಲೆ ಹತ್ತಿದವನನ್ನು ಹೊಡೆಯುತ್ತದೆ. ತೊಟ್ಟಿಲುಗಳನ್ನು ತೂಗುಹಾಕುವುದೂ ಇದೇ ಕ್ರಮದಲ್ಲಿ. ಪ್ರತಿ ಜೋಡಣೆಗೂ ಒಂದು ಪಿನ್, ಆ ಪಿನ್ನು ಜಾರದಂತೆ ಒಂದು ಆರ್-ಕ್ಲಿಪ್ (R ಆಕಾರದ ತಂತಿಯ ಕ್ಲಿಪ್) ಅಥವಾ ಸ್ಪ್ಲಿಟ್ ಪಿನ್ (ತೂತಿಗೆ ತೂರಿಸಿ ಕಾಲುಗಳನ್ನು ಬಗ್ಗಿಸುವ ಪಿನ್). ಚೆನ್ನಾಗಿ ನಡೆಯುವ ತಂಡದಲ್ಲಿ ಪಿನ್ನು, ಕ್ಲಿಪ್ಪುಗಳನ್ನು ಎಣಿಸಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಕಟ್ಟಿ ಮುಗಿದಾಗ ಪೆಟ್ಟಿಗೆ ಖಾಲಿಯಾಗಬೇಕು. ಒಂದು ಕ್ಲಿಪ್ ಉಳಿಯಿತು ಅಂದರೆ ಎಲ್ಲೋ ಒಂದು ಪಿನ್ನು ಬರಿದಾಗಿ ನಿಂತಿದೆ. ಅದು ಸಿಗುವವರೆಗೂ ಹುಡುಕಬೇಕು. ಬಿಡಿಕ್ಲಿಪ್ಪುಗಳ ಡಬ್ಬಿಯನ್ನು ಈ ಪೆಟ್ಟಿಗೆಯ ಹತ್ತಿರವೇ ಇಡಬಾರದು, ಲೆಕ್ಕ ಕಲಸಿಹೋಗುತ್ತದೆ.

ಸ್ಪ್ಲಿಟ್ ಪಿನ್ ಒಂದೇ ಸಲಕ್ಕೆ. ಬಗ್ಗಿಸಿ ನೆಟ್ಟಗೆ ಮಾಡಿ ಮತ್ತೆ ಹಾಕಿದರೆ ಕಾಲು ಬಿರುಕು ಬಿಟ್ಟಿರುತ್ತದೆ. ಒಳಗೆ ನೈಲಾನ್ ಬಳೆ ಇರುವ ನಟ್ಟು ಬೆರಳಲ್ಲೇ ಸಲೀಸಾಗಿ ತಿರುಗಿದರೆ ಅದರ ಹಿಡಿತ ಹೋಗಿದೆ, ಬಿಸಾಡಬೇಕು. ಬೋಲ್ಟಿನ ತಲೆಯ ಮೇಲಿನ ಅಂಕಿ ಓದದೆ ಬದಲಿಸುವುದು ಅತಿ ಕೆಟ್ಟ ಅಭ್ಯಾಸ. 8.8 ಎಂದು ಬರೆದ ಬೋಲ್ಟು ಶಾಶ್ವತವಾಗಿ ಹಿಗ್ಗಲು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 640 ನ್ಯೂಟನ್ ಎಳೆತ ಬೇಕು, 4.6ರದ್ದಕ್ಕೆ 240 ಸಾಕು. ನೋಡಲು ಎರಡೂ ಒಂದೇ, ದಪ್ಪ ಒಂದೇ, ಮರೆ (ಥ್ರೆಡ್) ಒಂದೇ. ಕತ್ತಲಲ್ಲಿ ಒಂದು ಬೋಲ್ಟು ಕಳೆದುಹೋಗಿ ಸಿಕ್ಕಿದ್ದನ್ನು ಹಾಕಿದರೆ ಆ ಜೋಡಣೆಯ ಬಲ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ತಯಾರಕರ ಕೈಪಿಡಿಯಲ್ಲಿ ಇರುವಷ್ಟೇ ಬಿಗಿಮಾಡಿ, ನಟ್ಟಿನಿಂದ ಬೋಲ್ಟಿಗೂ ಕೆಳಗಿನ ತಗಡಿಗೂ ದಾಟುವಂತೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಬೇಕು. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಮರುದಿನದ ತಪಾಸಣೆ ಇದರಿಂದ ಬಹಳ ಬೇಗ ಆಗುತ್ತದೆ.

ಕರೆಂಟಿನ ವಿಷಯ ಚಿಕ್ಕದಾಗಿ ಹೇಳುತ್ತೇವೆ, ಅದು ಬಲ್ಲ ಎಲೆಕ್ಟ್ರಿಷಿಯನ್ ಇಲ್ಲದೆ ಯಾರೂ ಕೈ ಹಾಕಬಾರದ್ದು. ಜನರೇಟರ್ ಬದಲಾದಾಗ, ಕೇಬಲ್ ಬಿಚ್ಚಿ ಹಾಕಿದಾಗ ಮೂರು ಫೇಸಿನಲ್ಲಿ ಎರಡು ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಹೈಡ್ರಾಲಿಕ್ ಪಂಪು ಉಲ್ಟಾ ತಿರುಗಿದರೆ ಎಣ್ಣೆ ಎಳೆಯದೆ ಒಣಗಿ ಕೆಡುತ್ತದೆ. ಹಾಗಾಗಿ ಜನರನ್ನು ಕೂರಿಸುವ ಮುಂಚೆ ತಿರುಗುವ ದಿಕ್ಕು ನೋಡಲೇಬೇಕು. ನ್ಯೂಟ್ರಲ್ ಸಡಿಲವಾದರೆ ಕೆಲವು ಸಾಲಿನ ವೋಲ್ಟೇಜ್ ಒಂದೂವರೆ ಪಟ್ಟಿಗೂ ಮೇಲೇರಿ ದೀಪಗಳು ಪಟಪಟ ಸುಡುತ್ತವೆ. ಉಳಿದ ಕೇಬಲನ್ನು ಸುರುಳಿ ಸುತ್ತಿಯೇ ಬಿಟ್ಟರೆ ಅದು ಒಳಗೊಳಗೇ ಕಾದು ಕರಗುತ್ತದೆ, ಪೂರ್ತಿ ಬಿಚ್ಚಿ ಹಾಸಬೇಕು. ರೈಡಿನ ಮೈ, ಸುತ್ತಲಿನ ಕಬ್ಬಿಣದ ಬೇಲಿ, ಟಿಕೆಟ್ ಕೊಡುವ ಪೆಟ್ಟಿಗೆ ಎಲ್ಲಕ್ಕೂ ಅರ್ತಿಂಗ್ ಬೇಕು. ಜನ ಮುಟ್ಟುವ ದೀಪ, ಪ್ಲಗ್ಗಿನ ಸಾಲಿಗೆ ಕರೆಂಟ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಲೀಕೇಜ್ ಬ್ರೇಕರ್ ಇದ್ದು, ಅದರ ಟೆಸ್ಟ್ ಗುಂಡಿಯನ್ನು ದಿನಾ ಒತ್ತಿ ನೋಡಬೇಕು.

ದಿನದ ತಪಾಸಣೆಯೇ ಈ ಕೆಲಸದ ತಿರುಳು. ಒಂದು ಮಧ್ಯಮ ಗಾತ್ರದ ರೈಡಿಗೆ ಇಬ್ಬರು ಸೇರಿ ಮಾಡಿದರೂ ಗಂಟೆಗಟ್ಟಲೆ ಹಿಡಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವುದು ಒಳ್ಳೆಯದು: ದಿಮ್ಮಿ, ಜಾಕ್, ಅಡಿಪಾಯ, ಪಿನ್ನುಗಳು, ಬೋಲ್ಟಿನ ಗೆರೆ, ಗೇರ್ ಬಾಕ್ಸಿನ ಎಣ್ಣೆಯ ಮಟ್ಟ, ಬ್ರೇಕು, ಸೀಟು, ಕಂಬಿ, ಕೊನೆಗೆ ಬೇಲಿ ಮತ್ತು ಗೇಟು. ಬೇರಿಂಗಿಗೆ ಗ್ರೀಸ್ ಹೊಡೆಯುವಾಗ ರೈಡನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೊಡೆಯಬೇಕು, ಇಲ್ಲದಿದ್ದರೆ ಒಂದೇ ಜಾಗಕ್ಕೆ ಹೋಗುತ್ತದೆ. ಹೊರಬಂದ ಹಳೆಯ ಗ್ರೀಸನ್ನು ಬೆರಳಲ್ಲಿ ಉಜ್ಜಿ ನೋಡಬೇಕು. ಅದರಲ್ಲಿ ಮಿನುಗುವ ಚೂರು ಕಂಡರೆ ಬೇರಿಂಗ್ ತನ್ನನ್ನೇ ತಿನ್ನುತ್ತಿದೆ.

ಬಿರುಕು ಹುಡುಕುವುದು ವೆಲ್ಡಿಂಗಿನ ಅಂಚಿನಲ್ಲಿ, ಮೂಲೆ ತಿರುಗುವ ಕಡೆ, ದಪ್ಪ ತಗಡು ತೆಳುವಿಗೆ ಸೇರುವ ಕಡೆ. ಪೇಂಟಿನ ಮೇಲೆ ಕೂದಲೆಳೆಯಷ್ಟು ಸಣ್ಣ ತುಕ್ಕಿನ ಗೆರೆ ಇಳಿದಿದ್ದರೆ ಅದರಡಿ ಬಿರುಕಿದೆ ಎಂದೇ ಹಿಡಿಯಬೇಕು. ಜಾಗ ಒರೆಸಿ, ಬಿರುಕಿಗೆ ಇಳಿಯುವ ಡೈ ಪೆನೆಟ್ರೆಂಟ್ ಎಂಬ ಕೆಂಪು ದ್ರವ ಹಾಕಿ, ಮೇಲಿನದನ್ನು ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ ಅದರ ಮೇಲೆ ಕೆಂಪು ಗೆರೆ ಎದ್ದು ಕಾಣುತ್ತದೆ. ಸಿಕ್ಕಿದ ಬಿರುಕಿನ ಮೇಲೆಯೇ ಮೈದಾನದಲ್ಲಿ ವೆಲ್ಡಿಂಗ್ ಎಳೆದುಬಿಡುವುದು ಬಹಳ ಕಡೆ ನಡೆಯುತ್ತದೆ, ಇದನ್ನು ನಿಲ್ಲಿಸಬೇಕು. ಬಿರುಕಿನ ಬುಡದವರೆಗೆ ಕೆರೆಯದೆ, ತೇವ ಹಿಡಿದ ಕಡ್ಡಿಯಲ್ಲಿ ಹಾಕಿದ ವೆಲ್ಡಿಂಗ್ ಪಕ್ಕದ ಉಕ್ಕನ್ನು ಪೆಡಸಾಗಿಸುತ್ತದೆ. ಮುಂದಿನ ಬಿರುಕು ಅಲ್ಲಿಂದಲೇ ಶುರು. ಮೇಳಕ್ಕೆ ಮುಂಚೆ ಹೊಸದಾಗಿ ಬಳಿದ ಪೇಂಟು ಕಂಡರೆ ತಪಾಸಣೆಗೆ ಬಂದವರು ಮೆಚ್ಚಿಕೊಳ್ಳುತ್ತಾರೆ. ನಮ್ಮ ಮಟ್ಟಿಗೆ ಅದು ಇನ್ನೂ ಹತ್ತಿರ ಹೋಗಿ ನೋಡಬೇಕಾದ ಜಾಗ.

ಕಣ್ಣಿಗೆ ಕಾಣದ ತುಕ್ಕು ಇನ್ನೊಂದು. ಕೊಳವೆ, ಪೆಟ್ಟಿಗೆಯಾಕಾರದ ತೋಳುಗಳ ಒಳಗೆ ನೀರು ನಿಂತು ತಗಡು ಒಳಗಿನಿಂದ ಸವೆಯುತ್ತದೆ. 2017ರ ಜುಲೈ 26ರಂದು ಅಮೆರಿಕದ ಓಹಾಯೋ ರಾಜ್ಯ ಮೇಳದ ಮೊದಲ ದಿನವೇ ಫೈರ್ ಬಾಲ್ ಎಂಬ ರೈಡಿನ ಒಂದು ಸಾಲು ಸೀಟು ಓಡುತ್ತಿದ್ದಂತೆಯೇ ಮುರಿದುಬಿತ್ತು. ಒಬ್ಬ ಸತ್ತ, ಏಳು ಜನ ಗಾಯಗೊಂಡರು. ಸೀಟು ಹೊತ್ತ ತೊಲೆಯ ಒಳಮೈ ವಿಪರೀತ ತುಕ್ಕು ತಿಂದು ತಗಡು ತೆಳುವಾಗಿತ್ತು ಎಂದು ತಯಾರಕರೇ ಹೇಳಿದರು. ರೈಡಿಗೆ ಆಗ 18 ವರ್ಷ, ಅಂದೇ ತಪಾಸಣೆಯಲ್ಲಿ ಪಾಸಾಗಿತ್ತು. ಹೊರಗಿನಿಂದ ನೋಡಿ ಪಾಸು ಮಾಡುವುದು ಎಷ್ಟು ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ತೋಳಿನ ತಗ್ಗಿನ ತುದಿಯ ನೀರು ಹೋಗುವ ತೂತು ಕಟ್ಟಿಕೊಂಡಿದೆಯೇ ಎಂದು ತಂತಿ ತೂರಿಸಿ ನೋಡಬೇಕು. ವರ್ಷಕ್ಕೊಮ್ಮೆಯಾದರೂ ಅಲ್ಟ್ರಾಸಾನಿಕ್ ಯಂತ್ರದಲ್ಲಿ ತಗಡಿನ ದಪ್ಪ ಅಳೆಸಿ, ಹಿಂದಿನ ಅಳತೆಯ ಪಕ್ಕದಲ್ಲಿ ಬರೆದಿಡಬೇಕು.

ಕೂತವರನ್ನು ಹಿಡಿದಿಡುವ ಸೀಟಿನ ಕಂಬಿ ಸರಿಯಾಗಿ ಮುಚ್ಚಿದೆ ಎಂದು ಪ್ಯಾನೆಲಿನ ದೀಪ ನೋಡಿ ನಂಬುವಂತಿಲ್ಲ. ಪ್ರತಿ ಸೀಟಿಗೂ ಹೋಗಿ ಕೈಯಿಂದ ಮೇಲಕ್ಕೆ ಎಳೆಯಬೇಕು, ಪ್ರತಿ ಸುತ್ತಿಗೂ ಎಳೆಯಬೇಕು. 2022ರ ಮಾರ್ಚಿನಲ್ಲಿ ಅಮೆರಿಕದ ಒರ್ಲಾಂಡೊದಲ್ಲಿ ಜನರನ್ನು ಮೇಲಕ್ಕೆ ಒಯ್ದು ಒಮ್ಮೆಗೇ ಕೆಳಕ್ಕೆ ಬಿಡುವ ಎತ್ತರದ ಡ್ರಾಪ್ ಟವರಿನಿಂದ 14 ವರ್ಷದ ಹುಡುಗ ಜಾರಿ ಬಿದ್ದು ತೀರಿಕೊಂಡ. ಆ ಸೀಟಿನ ಸೆನ್ಸರನ್ನು ಕೈಯಿಂದ ತಿದ್ದಲಾಗಿತ್ತು, ಆದ್ದರಿಂದ ಕಂಬಿ ಮತ್ತು ಸೀಟಿನ ನಡುವೆ ಇರಬೇಕಾದ್ದಕ್ಕಿಂತ ದೊಡ್ಡ ಸಂದು ಇದ್ದರೂ ಯಂತ್ರ ಸರಿಯಿದೆ ಎಂದೇ ತಿಳಿಯಿತು ಎಂಬುದು ತನಿಖೆಯಲ್ಲಿ ಹೊರಬಂತು. ಅದು ಊರೂರು ಸುತ್ತುವ ರೈಡಲ್ಲ, ಒಂದೇ ಕಡೆ ನಿಂತದ್ದು. ಆದರೆ ಪಾಠ ಎಲ್ಲರಿಗೂ ಒಂದೇ. ಸೆನ್ಸರ್ ತೊಂದರೆ ಕೊಡುತ್ತಿದೆ ಎಂದು ಅದನ್ನು ಬೈಪಾಸ್ ಮಾಡಿ ಸಂಜೆಯ ಆಟ ಮುಗಿಸುವುದು ಕೊಲೆಗೆ ಸಮ. ಆ ಸೀಟನ್ನು ಕಟ್ಟಿಹಾಕಿ ಖಾಲಿ ಬಿಡಬೇಕು, ಅಥವಾ ರೈಡನ್ನೇ ನಿಲ್ಲಿಸಬೇಕು.

ಇಷ್ಟೆಲ್ಲ ಆದ ಮೇಲೆ ಖಾಲಿ ರೈಡನ್ನು ಕೆಲವು ಸುತ್ತು ಓಡಿಸಿ ಕಿವಿಗೊಟ್ಟು ಕೇಳಬೇಕು. ಆಮೇಲೆ ಓಡುತ್ತಿರುವಾಗಲೇ ಎಮರ್ಜೆನ್ಸಿ ಗುಂಡಿ ಒತ್ತಿ ಎಷ್ಟು ಹೊತ್ತಿನಲ್ಲಿ ನಿಂತಿತು ಎಂದು ಬರೆದುಕೊಳ್ಳಬೇಕು. ದಿನದಿಂದ ದಿನಕ್ಕೆ ಆ ಹೊತ್ತು ಹೆಚ್ಚುತ್ತ ಬಂದರೆ ಬ್ರೇಕ್ ಲೈನಿಂಗ್ ಸವೆದಿದೆ, ಇಲ್ಲವೇ ಎಣ್ಣೆ ತಾಗಿದೆ. ಕರೆಂಟ್ ಹೋದಾಗ ಬ್ರೇಕ್ ತಾನಾಗಿ ಹಿಡಿಯುತ್ತದೆಯೇ ಎಂಬುದನ್ನೂ ಮೇನ್ ಸ್ವಿಚ್ ಎಳೆದು ನೋಡಬೇಕು.

ಮೇಳ ತುಂಬಿದಾಗ ಬರುವ ಒತ್ತಡ ಬೇರೆ ತರಹದ್ದು. ಒಂದು ಸುತ್ತು 3 ನಿಮಿಷ, ಹತ್ತಿಸಿ ಇಳಿಸಲು 3 ನಿಮಿಷ ಎಂದರೆ ಗಂಟೆಗೆ 10 ಸುತ್ತು. 16 ಸೀಟಿದ್ದರೆ 160 ಜನ. ಈ ಲೆಕ್ಕ ಹೆಚ್ಚಿಸಬೇಕೆಂದರೆ ಕಡಿತವಾಗುವುದು ಕಂಬಿ ಎಳೆದು ನೋಡುವ ಹೊತ್ತೇ. ಇಲ್ಲವಾದರೆ ಜನರ ಕೂಗಿಗೆ ಮರುಳಾಗಿ ವೇಗ ಏರಿಸುತ್ತಾರೆ. ವೇಗ ಶೇ 10 ಏರಿದರೆ ಹೊರಕ್ಕೆ ಎಳೆಯುವ ಬಲ ಶೇ 21 ಏರುತ್ತದೆ, ಶೇ 20 ಏರಿದರೆ ಶೇ 44. ತೋಳು, ಪಿನ್ನು, ಕಂಬಿ ಎಲ್ಲಕ್ಕೂ ಅಷ್ಟು ಹೆಚ್ಚು ಹೊರೆ. ವೇಗದ ಮಿತಿಯ ಸೆಟ್ಟಿಂಗಿಗೆ ಬೀಗ ಹಾಕಿ ಕೀಲಿಯನ್ನು ಆಪರೇಟರ್ ಕೈಗೆ ಸಿಗದಂತೆ ಇಡುವುದು ಅವನ ಮೇಲಿನ ಅಪನಂಬಿಕೆಯಲ್ಲ. ಕೂಗುವ ಜನರಿಂದ ಅವನನ್ನು ಕಾಪಾಡುವ ಕ್ರಮ.

ಜಾಯಿಂಟ್ ವೀಲಿನಲ್ಲಿ ಸಾಲಾಗಿ ತೊಟ್ಟಿಲು ತುಂಬುತ್ತ ಹೋಗಬಾರದು. 12 ತೊಟ್ಟಿಲಿನ ಚಕ್ರದಲ್ಲಿ ಪಕ್ಕಪಕ್ಕದ ಮೂರಕ್ಕೆ ನಾಲ್ಕು ನಾಲ್ಕು ಜನ ಕೂತರೆ, ತಲಾ 60 ಕೆಜಿ ಹಿಡಿದರೂ, 720 ಕೆಜಿ ಒಂದೇ ಬದಿಗೆ ಬಿತ್ತು. ಚಕ್ರದ ಅಂಚನ್ನು ಟಯರು ಅಥವಾ ಹಗ್ಗ ಉಜ್ಜಿ ತಿರುಗಿಸುವ ರೈಡಾದರೆ ಮಳೆಯಲ್ಲಿ ಅದು ಜಾರಿ ಚಕ್ರ ಹಿಂದಕ್ಕೆ ಉರುಳುತ್ತದೆ. 1ರ ನಂತರ 7, ಆಮೇಲೆ 4, ಆಮೇಲೆ 10 ಹೀಗೆ ತುಂಬಬೇಕು, ಇಳಿಸುವಾಗಲೂ ಹಾಗೆಯೇ. ಜನರು ಸಿಟ್ಟಾಗುವುದು ಇಲ್ಲಿ. ಮೊದಲು ಬಂದವರನ್ನು ಬಿಟ್ಟು ಚಕ್ರ ತಿರುಗಿಸಿದರು, ಜೊತೆಯವರನ್ನು ಬೇರೆ ತೊಟ್ಟಿಲಿಗೆ ಕಳಿಸಿದರು ಎಂದು ಜಗಳ. ಎತ್ತರದ ಕೋಲಿಗೆ ತಲೆ ಮುಟ್ಟದ ಮಗುವನ್ನು ತಡೆದಾಗಲೂ ಜಗಳ. ಆ ಕೋಲು ಧೈರ್ಯವನ್ನು ಅಳೆಯುವುದಿಲ್ಲ. ಚಿಕ್ಕ ಮೈ ಕಂಬಿಯ ಅಡಿಯಿಂದ ನುಸುಳುತ್ತದೆ, ಅಷ್ಟೇ. ಬಿಚ್ಚಿದ ಉದ್ದ ಕೂದಲು, ಹೆಗಲಿನಿಂದ ಇಳಿಬಿದ್ದ ಬಟ್ಟೆ ಅಚ್ಚಿಗೆ ಸುತ್ತಿಕೊಂಡರೆ ಬಿಡಿಸಲು ಕ್ಷಣವೂ ಇರುವುದಿಲ್ಲ. ಆದ್ದರಿಂದ ಕಟ್ಟಿಕೊಳ್ಳಿ ಎಂದು ಒತ್ತಾಯಿಸುವುದು.

ನಮ್ಮವರೇ ಹೆಚ್ಚು ಸಾಯುವ ಒಂದು ಬಗೆಯನ್ನು ಇಲ್ಲಿ ಹೇಳಲೇಬೇಕು. ಯಾರದೋ ಮೊಬೈಲೋ ಚಪ್ಪಲಿಯೋ ರೈಡಿನ ಅಡಿಗೆ ಬೀಳುತ್ತದೆ, ಸಹಾಯಕ ಬಗ್ಗಿ ಒಳಗೆ ಹೋಗುತ್ತಾನೆ, ಅತ್ತ ಆಪರೇಟರ್ ಬೆಲ್ ಒತ್ತಿ ರೈಡು ಬಿಡುತ್ತಾನೆ. ಇದಕ್ಕೆ ಇರುವ ಮದ್ದು ಒಂದೇ. ಒಳಗೆ ಹೋಗುವವನು ಮೇನ್ ಸ್ವಿಚ್ಚಿಗೆ ತಾನೇ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಂಡೇ ಹೋಗಬೇಕು. "ಹೇಳಿ ಹೋಗಿದ್ದೆ" ಎಂಬುದು ಸಾಲದು, ಸ್ಪೀಕರಿನ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ಬಿದ್ದ ವಸ್ತುವಿಗೆ ಜನರು ಆಟ ಮುಗಿಯುವವರೆಗೆ ಕಾಯಬೇಕು.

ಗಾಳಿಯ ಬಗ್ಗೆ ಅಂದಾಜಿನ ಮಾತು ಬೇಡ, ಅಳೆಯುವ ಯಂತ್ರ ಬೇಕು. ಯುರೋಪಿನ ಇಎನ್ 13814 ಎಂಬ ಮಾನದಂಡದಲ್ಲಿ ಓಡುತ್ತಿರುವ ರೈಡಿಗೆ ಹಿಡಿಯುವ ಗಾಳಿ ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿಲೋಮೀಟರ್. ತಯಾರಕರು ಇದಕ್ಕಿಂತ ಕಡಿಮೆ ಹೇಳಿದ್ದರೆ ಅದೇ ಮಿತಿ. ಆ ಗಾಳಿ ಚದರ ಮೀಟರಿಗೆ ಸುಮಾರು 14 ಕೆಜಿಯಷ್ಟು ತಳ್ಳುತ್ತದೆ. ರೈಡಿನ ಮೈಗೆ 3 ಮೀಟರ್ ಎತ್ತರ 6 ಮೀಟರ್ ಉದ್ದದ ಜಾಹೀರಾತು ಫ್ಲೆಕ್ಸ್ ಕಟ್ಟಿದರೆ ವಿನ್ಯಾಸ ಮಾಡಿದವರು ಲೆಕ್ಕ ಹಾಕದ 250 ಕೆಜಿ ಅದರ ಮೇಲೆ ಬಿದ್ದಂತೆ. ಏರ್ಪಡಿಸುವವರು ಪ್ರಾಯೋಜಕರ ಹೆಸರಿಗಾಗಿ ಇದನ್ನು ಬಲವಂತ ಮಾಡಬಾರದು. ಗಾಳಿ ತುಂಬಿದ ಜಾರುಬಂಡೆ, ನೆಗೆಯುವ ಕೋಟೆಗಳಿಗೆ ಮಿತಿ ಇನ್ನೂ ಕಡಿಮೆ, ಗಂಟೆಗೆ 38 ಕಿಲೋಮೀಟರ್. ಅವುಗಳ ಎಲ್ಲ ಕೊಂಡಿಗಳಿಗೂ ಗೂಟ ಹೊಡೆಯಬೇಕು, ಅರ್ಧಕ್ಕಲ್ಲ. ಗುಡುಗು ಕೇಳಿದರೆ ಎತ್ತರದ ರೈಡು ಖಾಲಿ ಮಾಡಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯುವುದು ಒಳ್ಳೆಯ ಪದ್ಧತಿ.

ಈಗ ಬಿಚ್ಚುವ ರಾತ್ರಿಗೆ ಬರೋಣ. ಮೇಳದ ಕೊನೆಯ ದಿನ ಜನ ಹೆಚ್ಚು, ಆಟ ತಡವಾಗಿ ಮುಗಿಯುತ್ತದೆ. ಬೆಳಗಾಗುವುದರೊಳಗೆ ಮೈದಾನ ಖಾಲಿಯಾಗಬೇಕು ಎಂದು ಒಪ್ಪಂದದಲ್ಲಿ ಬರೆದಿರುತ್ತದೆ. ಮಧ್ಯಾಹ್ನದಿಂದ ನಿಂತೇ ಇದ್ದ ಅದೇ ಹುಡುಗರು ರಾತ್ರಿಯಿಡೀ ಬಿಚ್ಚಿ, ಹೊತ್ತು, ಲಾರಿಗೆ ಏರಿಸಬೇಕು. ಹಲವು ಸಲ ಅವರಲ್ಲೇ ಒಬ್ಬ ಲಾರಿ ಓಡಿಸಬೇಕು. ಪಿನ್ನಿನ ಮೇಲಿನ ಭಾರವನ್ನು ಜಾಕಿಗೋ ಕ್ರೇನಿಗೋ ಕೊಟ್ಟ ಮೇಲೆಯೇ ಪಿನ್ನು ಹೊಡೆಯಬೇಕು. ಸುತ್ತಿಗೆ ಏಟಿಗೆ ಬಗ್ಗದ ಪಿನ್ನು ಅಂದರೆ ಅದು ಇನ್ನೂ ಹೊರೆ ಹೊತ್ತಿದೆ ಎಂದರ್ಥ. ನಿದ್ದೆಗೆಟ್ಟವನಿಗೆ ಇದು ಹೊಳೆಯುವುದಿಲ್ಲ, ದೊಡ್ಡ ಸುತ್ತಿಗೆ ತರುತ್ತಾನೆ. ಪಿನ್ನು ಹಾರುತ್ತದೆ, ತೋಳು ಬೀಳುತ್ತದೆ. ಬೆರಳು ಜಜ್ಜುವುದು, ಎತ್ತರದಿಂದ ಬೀಳುವುದು ಈ ಹೊತ್ತಿನಲ್ಲೇ. ಅವಸರದಲ್ಲಿ ಲಾರಿಗೆ ಎಸೆದ ತೋಳು ಬಗ್ಗಿದ್ದರೆ, ಕಳೆದ ಬೋಲ್ಟು ಮಣ್ಣಲ್ಲೇ ಉಳಿದಿದ್ದರೆ ಅದು ಗೊತ್ತಾಗುವುದು ಮುಂದಿನ ಮೈದಾನದಲ್ಲಿ, ಅಲ್ಲೂ ರಾತ್ರಿ.

ಹಾಗಾಗಿ ಮೈದಾನದ ಬಾಡಿಗೆಯ ದಿನಗಳನ್ನು ಲೆಕ್ಕ ಹಾಕುವಾಗ ಕಟ್ಟಲು ಕನಿಷ್ಠ ಎರಡು ಪೂರ್ತಿ ಹಗಲು, ಬಿಚ್ಚಲು ಆಟ ಮುಗಿದ ಮರುದಿನದ ಹಗಲು ಸೇರಿಸಿ. ದೊಡ್ಡ ರೈಡಿಗೆ ಇನ್ನೂ ಹೆಚ್ಚು ಬೇಕು. ಆ ದಿನಗಳಿಗೆ ಆಟದ ದಿನದ ದರ ಹಾಕಬೇಡಿ, ಹಾಕಿದರೆ ಮಾಲೀಕರು ರಾತ್ರಿಗೇ ತಳ್ಳುತ್ತಾರೆ. ಉದ್ಘಾಟನೆಯ ದಿನ ಬೆಳಿಗ್ಗೆ ತಪಾಸಣೆ ಇಟ್ಟುಕೊಳ್ಳಬೇಡಿ, ಹಿಂದಿನ ದಿನ ಇಡಿ. ಸಂಜೆ ಗಣ್ಯರು ಬರುವುದು ನಿಗದಿಯಾಗಿರುವಾಗ ಬೆಳಿಗ್ಗೆ ಬಂದ ಅಧಿಕಾರಿ "ಈ ರೈಡು ಬೇಡ" ಎನ್ನುವುದು ಬಹಳ ಕಷ್ಟ.

ತಪಾಸಣೆಗೆ ಬರುವವರು, ಸುದ್ದಿ ಮಾಡಲು ಬರುವ ತಮ್ಮ ವರದಿಗಾರರೂ ಸೇರಿ, ದಿನದ ತಪಾಸಣೆಯ ಪುಸ್ತಕ ಕೇಳಿ ಓದಲಿ. ಎಲ್ಲ ಸಾಲಿಗೂ ಒಂದೇ ಪೆನ್ನಿನಲ್ಲಿ "ಸರಿ" ಎಂದಿದ್ದರೆ ಅದನ್ನು ಒಂದೇ ದಿನ ಕೂತು ತುಂಬಿದ್ದಾರೆ. ನಿಜವಾದ ಪುಸ್ತಕದಲ್ಲಿ ಗ್ರೀಸಿನ ಕಲೆ ಇರುತ್ತದೆ, "6ನೇ ಸೀಟಿನ ಸ್ಪ್ರಿಂಗ್ ಸಡಿಲ, ಸೀಟು ಮುಚ್ಚಿದೆ", "ಹಿಂಬದಿಯ ಜಾಕ್ ಇಳಿದಿತ್ತು, ಎತ್ತಿದೆ" ಎಂಬ ಸಾಲುಗಳಿರುತ್ತವೆ. ದೋಷ ಬರೆದಿರುವ ರೈಡಿಗೆ ದಂಡ ಹಾಕಿ, ಏನೂ ಬರೆಯದ ರೈಡನ್ನು ಬಿಟ್ಟುಬಿಡುವ ಕಡೆ ಯಾರೂ ಬರೆಯುವುದಿಲ್ಲ. ಜೊತೆಗೆ ಒಂದು ಪ್ರಶ್ನೆ ಕೇಳಿ: ಇವತ್ತು ಪ್ಯಾನೆಲ್ ಮುಂದೆ ಕೂರುವವರು ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದರು, ಅವರ ಬದಲಿಗೆ ಕೂರಲು ಕಲಿತ ಇನ್ನೊಬ್ಬರು ಇದ್ದಾರೆಯೇ? ಇಲ್ಲವಾದರೆ ಆ ರೈಡಿಗೆ ಆಟದ ಅವಧಿ ಕಡಿಮೆ ಮಾಡಿಯೇ ಪರವಾನಗಿ ಕೊಡಿ.

ಇಂತಿ,
ಮೇಳಗಳಲ್ಲಿ ರೈಡ್ ನಡೆಸುವ ಕೆಲಸಗಾರರು